ಕಣ್ಣು ಬಿಟ್ಟು ಓಲೆಗೆ ಫೋಕಸ್: ಒಂದು ಥರ್ಡ್ ಪಾರ್ಟಿ ಲೆನ್ಸ್ ರಿಪೇರಿ

ಲೆನ್ಸ್ 17-50 ಎಂಎಂ ಎಫ್/2.8. ಎಂಎಂ ಅಂದರೆ ಫೋಕಲ್ ಲೆಂತ್, ಅಂಕಿ ದೊಡ್ಡದಾದಷ್ಟೂ ಜೂಮ್ ಜಾಸ್ತಿ. ಎಫ್ ಅಂದರೆ ಲೆನ್ಸಿನ ಬಾಯಿ (ಅಪರ್ಚರ್) ಎಷ್ಟು ತೆರೆದಿದೆ ಅನ್ನುವುದು, ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕ್ಯಾಮೆರಾಗೆ ಸಿಕ್ಕಿಸುವ ಜಾಗ, ಅಂದರೆ ಮೌಂಟ್, ಕ್ಯಾನನ್ನಿನದು, ಮಾಡಿದವರು ಬೇರೆಯವರು, ಅದಕ್ಕೇ ಥರ್ಡ್ ಪಾರ್ಟಿ. ಕಂಪನಿ ಹೆಸರು ಬೇಡ. ಈ ಕಾಯಿಲೆ ಯಾವುದೋ ಒಂದು ಕಂಪನಿಯ ಸ್ವಂತ ಆಸ್ತಿಯಲ್ಲ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಕ್ಯಾನನ್ 70ಡಿ. ಎರಡೂ ಸೆಕೆಂಡ್ ಹ್ಯಾಂಡ್, ಬೇರೆ ಬೇರೆಯವರ ಕೈಯಿಂದ ಬಂದವು. ಹಾಗಾಗಿ ಇವೆರಡೂ ಮೊದಲ ಸಲ ಮುಖ ನೋಡಿಕೊಂಡದ್ದು ನಮ್ಮ ಮನೆಯಲ್ಲೇ.

ತೊಂದರೆ ಹೀಗಿತ್ತು. 50 ಎಂಎಂಗೆ ಜೂಮ್ ಮಾಡಿ, ಎಫ್/2.8 ಇಟ್ಟು, ಎರಡೂವರೆ ಮೀಟರ್ ದೂರದಿಂದ ಮುಖದ ಫೋಟೋ ತೆಗೆದರೆ ಕಣ್ಣು ಮಬ್ಬು, ಕಿವಿಯ ಓಲೆ ಮಾತ್ರ ಫಳಫಳ. ಫೋಕಸ್ ಪಾಯಿಂಟ್ ಇಟ್ಟದ್ದು ಕಣ್ಣಿನ ಮೇಲೆ. ಕ್ಯಾಮೆರಾ ಟಿಕ್ ಅಂತ ಸದ್ದು ಮಾಡಿ ಹಸಿರು ಚುಕ್ಕಿಯನ್ನೂ ತೋರಿಸಿತ್ತು. ಅಕ್ಕನ ಮಗಳು ಫೋಟೋ ನೋಡಿ, "ಮಾಮ, ಇದು ಒಡವೆ ಅಂಗಡಿ ಜಾಹೀರಾತಿಗೆ ತೆಗೆದದ್ದಾ?" ಅಂದಳು.

ಇದರ ಜೊತೆಗೆ ಇನ್ನೆರಡು ಕಾಟ. ಮಂದ ಬೆಳಕಿನಲ್ಲಿ ಲೆನ್ಸ್ ಹಿಂದೆ ಮುಂದೆ ಓಡಾಡುತ್ತಾ ಫೋಕಸ್ ಹುಡುಕುತ್ತಲೇ ಇರುತ್ತಿತ್ತು. ಮತ್ತೆ ಅಪರೂಪಕ್ಕೊಮ್ಮೆ ಪರದೆಯ ಮೇಲೆ 'ಎರರ್ 01'.

ಮೂರನ್ನೂ ಒಟ್ಟಿಗೆ ಸೇರಿಸಿ "ಲೆನ್ಸ್ ಸರಿ ಇಲ್ಲ" ಅಂತ ಮಾರಿಬಿಡುವವರೇ ಜಾಸ್ತಿ. ಆದರೆ ಈ ಮೂರಕ್ಕೂ ಕಾರಣ ಬೇರೆ ಬೇರೆ ಇರಬಹುದು. ನಾನು ಸುಲಭದ್ದರಿಂದ ಶುರು ಮಾಡಿದೆ.

ಎರರ್ 01

ಕ್ಯಾನನ್ ಕ್ಯಾಮೆರಾದಲ್ಲಿ ಈ ನಂಬರ್ ಬಂದರೆ ಲೆನ್ಸಿಗೂ ಬಾಡಿಗೂ ಮಾತುಕತೆ ಕೆಟ್ಟಿದೆ ಅಂತ ಅರ್ಥ. ಲೆನ್ಸಿನ ಕಾಂಟ್ಯಾಕ್ಟ್ ಒರೆಸಿ ಅಂತ ಪರದೆಯೇ ಹೇಳುತ್ತದೆ. ಕ್ಯಾನನ್ನಿನ ಇಎಫ್ ಮೌಂಟ್ ಬಂದದ್ದು 1987ರಲ್ಲಿ. ಲೆನ್ಸಿಗೂ ಬಾಡಿಗೂ ನಡುವೆ ಅದರಲ್ಲಿ ತಿರುಗುವ ಕಡ್ಡಿ ಇಲ್ಲ, ಎಳೆಯುವ ಲಿವರ್ ಇಲ್ಲ. ಫೋಕಸ್ ಆಗಲಿ, ಅಪರ್ಚರ್ ಆಗಲಿ, ಎಲ್ಲವೂ ಆ ಚಿನ್ನದ ಬಣ್ಣದ ಪುಟ್ಟ ಬಿಂದುಗಳ ಮೂಲಕ ಕರೆಂಟಿನಲ್ಲೇ ನಡೆಯಬೇಕು. ಅವುಗಳಲ್ಲಿ ಒಂದರ ಮೇಲೆ ಕೈ ಬೆವರಿನ ಪದರ ಕೂತರೂ ಸಾಕು.

99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಚಿಕ್ಕ ಬಾಟಲಿ ಇದ್ದರೆ ವರ್ಷಗಟ್ಟಲೆ ಬರುತ್ತದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಇಯರ್ ಬಡ್‌ಗೆ ಒಂದು ಹನಿ ಹಾಕಿ, ಹಿಂಡಿ, ಲೆನ್ಸ್ ಕಡೆಯ ಕಾಂಟ್ಯಾಕ್ಟ್ ಒರೆಸಿದೆ. ಹತ್ತಿ ಕಪ್ಪಾಯಿತು. ಇನ್ನೊಂದು ಬಡ್ ತಗೊಂಡು, ಹತ್ತಿ ಬಿಳಿಯಾಗಿ ಬರುವ ತನಕ ಒರೆಸಿದೆ. ಬಾಡಿಯ ಕಡೆ ಸ್ಪ್ರಿಂಗ್ ಇರುವ ಪಿನ್‌ಗಳು. ಅವನ್ನು ಒತ್ತದೆ ಹಗುರವಾಗಿ ಮುಟ್ಟಿದರೆ ಸಾಕು. ಅಲ್ಲಿ ಕೆಲಸ ಮಾಡುವಾಗ ಬಾಡಿಯನ್ನು ಬಾಯಿ ಕೆಳಗೆ ಮಾಡಿ ಹಿಡಿಯಿರಿ, ಹತ್ತಿಯ ಎಳೆ ಕನ್ನಡಿಯ ಮೇಲೆ ಬೀಳುವುದಿಲ್ಲ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರನ್ನು ನೋಡಿದ್ದೇನೆ. ನನಗದು ಇಷ್ಟವಿಲ್ಲ. ಮೇಲಿನ ಚಿನ್ನದ ಲೇಪ ತೆಳು, ಉಜ್ಜಿದರೆ ಸವೆಯುತ್ತದೆ. ರಬ್ಬರಿನ ಪುಡಿ ಒಳಗೆ ಬಿದ್ದರೆ ಇನ್ನೊಂದು ತಲೆನೋವು.

ಒರೆಸುವಾಗಲೇ ಇನ್ನೊಂದು ಕಂಡಿತು. ಲೆನ್ಸಿನ ಲೋಹದ ಮೌಂಟ್ ರಿಂಗನ್ನು ಹಿಡಿದಿರುವ ಸ್ಕ್ರೂಗಳಲ್ಲಿ ಒಂದು ಸಡಿಲ. ಉಗುರಿನಿಂದ ತಿರುಗಿಸುವಷ್ಟು ಸಡಿಲವೇನಲ್ಲ, ಆದರೆ ಸ್ಕ್ರೂಡ್ರೈವರ್ ಇಟ್ಟರೆ ಕಾಲು ಸುತ್ತು ಹೋಯಿತು. ಇಲ್ಲೊಂದು ಎಚ್ಚರಿಕೆ. ಜಪಾನಿನ ಲೆನ್ಸುಗಳ ಸ್ಕ್ರೂ ನೋಡಲು ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂ ತರಹವೇ ಇರುತ್ತದೆ. ಆದರೆ ಅದು ಜೆಐಎಸ್ ಅನ್ನುವ ಜಪಾನಿ ಅಳತೆಯದು. ಮಾಮೂಲಿ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಬಿಗಿ ಮಾಡಲು ಹೋದರೆ ಜಾರಿ ಸ್ಕ್ರೂ ತಲೆ ಕಿತ್ತುಹೋಗುತ್ತದೆ. ಜೆಐಎಸ್ ತುದಿಯ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ. ಎದುರುಬದುರು ಸ್ಕ್ರೂಗಳನ್ನು ಒಂದಾದಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಬೇಕು, ಒಂದೇ ಬದಿ ಮೊದಲು ಬಿಗಿ ಮಾಡಿದರೆ ರಿಂಗ್ ಓರೆಯಾಗಿ ಕೂರುತ್ತದೆ.

ಅಷ್ಟಾದ ಮೇಲೆ ಎರರ್ 01 ಮತ್ತೆ ಕಾಣಿಸಿಕೊಂಡಿಲ್ಲ. ನಿಮಗೆ ಒರೆಸಿದ ಮೇಲೂ ಬರುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಎಫ್/2.8ರಲ್ಲಿ ಒಂದು ಫೋಟೋ, ಎಫ್/8ರಲ್ಲಿ ಒಂದು. 2.8ರಲ್ಲಿ ಸುಮ್ಮನಿದ್ದು 8ಕ್ಕೆ ಹೋದ ಕೂಡಲೇ ಎರರ್ ಬಂದರೆ ಅದು ಫೋಕಸಿನ ತೊಂದರೆಯೇ ಅಲ್ಲ. ಅಪರ್ಚರಿನ ಎಲೆಗಳು ಮುಚ್ಚಿಕೊಳ್ಳಲು ಹೋಗಿ ಸೋಲುತ್ತಿವೆ. ಜೂಮ್ ಲೆನ್ಸುಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಒಳಗಿನ ರಿಬ್ಬನ್ ಕೇಬಲ್. ಜೂಮ್ ತಿರುಗಿಸಿದಾಗಲೆಲ್ಲ ಮಡಿಚಿ ಮಡಿಚಿ ಅದು ಬಿರುಕು ಬಿಟ್ಟಿರುತ್ತದೆ. ಕೆಲವೊಮ್ಮೆ 24 ಎಂಎಂನಲ್ಲಿ ಎರರ್, 40ರಲ್ಲಿ ಇಲ್ಲ, ಹಾಗೆ. ಅದಕ್ಕೆ ಲೆನ್ಸ್ ಬಿಚ್ಚಲೇಬೇಕು. ಸಿಗ್ಮಾ ಅನ್ನುವ ಥರ್ಡ್ ಪಾರ್ಟಿ ಕಂಪನಿಯ ಫಿಲ್ಮ್ ಕಾಲದ ಕೆಲವು ಲೆನ್ಸುಗಳು ಕ್ಯಾನನ್ನಿನ ಡಿಜಿಟಲ್ ಬಾಡಿಗಳ ಮೇಲೆ ಇದೇ ಲಕ್ಷಣ ತೋರಿಸುತ್ತವೆ. ಆದರೆ ಅಲ್ಲಿ ಕೇಬಲ್ ಚೆನ್ನಾಗಿಯೇ ಇರುತ್ತದೆ, ಒಳಗಿನ ಚಿಪ್‌ಗೆ ಹೊಸ ಬಾಡಿಯ ಮಾತು ಅರ್ಥವಾಗುವುದಿಲ್ಲ. ಕಾಂಟ್ಯಾಕ್ಟ್ ಎಷ್ಟು ಒರೆಸಿದರೂ ಅದು ಹೋಗಲ್ಲ.

ತಪ್ಪು ಯಾರದು?

ಈಗ ಮುಖ್ಯ ವಿಷಯ, ಫೋಕಸ್ ಹಿಂದಕ್ಕೆ ಬೀಳುವುದು.

ಮೊದಲ ಪರೀಕ್ಷೆಗೆ ದುಡ್ಡಿಲ್ಲ, ಸಾಮಾನಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಒಂದೇ ವಸ್ತುವಿಗೆ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮೂಲಕ ಫೋಕಸ್ ಮಾಡಿ ಒಂದು ಫೋಟೋ ತೆಗೆಯಿರಿ. ಆಮೇಲೆ ಲೈವ್ ವ್ಯೂ ಹಾಕಿ, ಹಿಂದಿನ ಪರದೆ ನೋಡಿಕೊಂಡು ಫೋಕಸ್ ಮಾಡಿ ಇನ್ನೊಂದು. ನನಗೆ ಲೈವ್ ವ್ಯೂ ಫೋಟೋ ಚಾಕುವಿನಂತೆ ಶಾರ್ಪ್ ಬಂತು. ವ್ಯೂಫೈಂಡರಿನದು ಮಬ್ಬು. ಅಲ್ಲಿಗೆ ಈ ತೊಂದರೆಗೆ ಲೆನ್ಸಿನ ಗಾಜೂ ಮೋಟರೂ ಕಾರಣವಲ್ಲ ಅಂತ ಗೊತ್ತಾಯಿತು. ಎರಡೂ ಫೋಟೋ ಮಬ್ಬಾಗಿದ್ದರೆ ನಾನು ಲೆನ್ಸ್ ವಾಪಸ್ ಕೊಡುತ್ತಿದ್ದೆ.

ಈ ವ್ಯತ್ಯಾಸ ಯಾಕೆ ಅಂದರೆ, ಡಿಎಸ್‌ಎಲ್‌ಆರ್‌ನಲ್ಲಿ (70ಡಿಯಂತೆ ಒಳಗೆ ಕನ್ನಡಿ ಇರುವ ಕ್ಯಾಮೆರಾ) ಅಳತೆ ತೆಗೆಯುವವನು ಒಬ್ಬ, ಬಟ್ಟೆ ಹೊಲಿಯುವವನು ಇನ್ನೊಬ್ಬ. ವ್ಯೂಫೈಂಡರ್ ನೋಡುವಾಗ ಲೆನ್ಸಿನಿಂದ ಬಂದ ಬೆಳಕಿನ ಬಹುಪಾಲು ಕನ್ನಡಿಗೆ ಬಡಿದು ಮೇಲೆ ಕಣ್ಣಿಗೆ ಹೋಗುತ್ತದೆ. ಕನ್ನಡಿಯ ನಡುಭಾಗ ಅರೆ ಪಾರದರ್ಶಕ. ಅಲ್ಲಿಂದ ಸ್ವಲ್ಪ ಬೆಳಕು ಹಿಂದಿನ ಇನ್ನೊಂದು ಪುಟ್ಟ ಕನ್ನಡಿಗೆ ಬಿದ್ದು ಕೆಳಕ್ಕೆ ತಿರುಗುತ್ತದೆ. ಕ್ಯಾಮೆರಾದ ತಳದಲ್ಲಿ ಫೋಕಸಿಗೆಂದೇ ಬೇರೆ ಸೆನ್ಸರ್ ಕೂತಿದೆ. ಅದು ಅಳೆದು ಹೇಳುತ್ತದೆ. ಫೋಟೋ ದಾಖಲಾಗುವುದು ಮಾತ್ರ ಹಿಂದಿನ ದೊಡ್ಡ ಸೆನ್ಸರ್ ಮೇಲೆ. ಲೆನ್ಸಿನಿಂದ ಎರಡಕ್ಕೂ ಇರುವ ದಾರಿಯ ಉದ್ದ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಫೋಕಸ್ ಮುಂದೆಯೋ ಹಿಂದೆಯೋ ಬೀಳುತ್ತದೆ.

ಲೈವ್ ವ್ಯೂನಲ್ಲಿ ಈ ರಗಳೆಯೇ ಇಲ್ಲ. 70ಡಿ ಬಂದದ್ದು 2013ರಲ್ಲಿ. ಫೋಟೋ ತೆಗೆಯುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವ ಡ್ಯುಯಲ್ ಪಿಕ್ಸೆಲ್ ತಂತ್ರ ಮೊದಲು ಬಂದದ್ದು ಅದರಲ್ಲೇ. ಈಗಿನ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾ ಇರುವವರು ಈ ಬರಹದ ಅರ್ಧ ಭಾಗ ಬಿಟ್ಟು ಓದಬಹುದು.

ಸರಿ, ಹಾಗಾದರೆ ಬಾಡಿಯದೇ ತಪ್ಪಾ? ಕ್ಯಾನನ್ನಿನದೇ 50 ಎಂಎಂ ಲೆನ್ಸ್ ಹಾಕಿ ನೋಡಿದೆ. ಫೋಕಸ್ ಸರಿಯಾಗಿ ಕೂತಿತು. ಲೆನ್ಸ್ ಒಬ್ಬಂಟಿಯಾಗಿ ಸರಿ, ಬಾಡಿ ಒಬ್ಬಂಟಿಯಾಗಿ ಸರಿ, ಜೋಡಿ ಮಾತ್ರ ಸರಿ ಇಲ್ಲ.

ಥರ್ಡ್ ಪಾರ್ಟಿ ಲೆನ್ಸಿನಲ್ಲಿ ಇದು ಸ್ವಲ್ಪ ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಕ್ಯಾಮೆರಾ ಫೋಕಸ್ ಅಳೆದು ಲೆನ್ಸಿಗೆ "ಇಷ್ಟು ಹೆಜ್ಜೆ ಈ ಕಡೆ ಹೋಗು" ಅನ್ನುತ್ತದೆ. ಲೆನ್ಸ್ ತನ್ನ ಬಗ್ಗೆ ಕೊಟ್ಟ ಮಾಹಿತಿಯನ್ನು ನಂಬಿಯೇ ಆ ಲೆಕ್ಕ ಹಾಕುತ್ತದೆ. ಕ್ಯಾನನ್ ತನ್ನ ಇಎಫ್ ಮೌಂಟಿನ ಮಾತುಕತೆಯ ವಿವರವನ್ನು ಹೊರಗಿನವರಿಗೆ ಕೊಟ್ಟಿರಲಿಲ್ಲ. ಉಳಿದ ಕಂಪನಿಗಳು ಬಾಡಿ ಏನು ಕೇಳುತ್ತದೆ, ಲೆನ್ಸ್ ಏನು ಉತ್ತರಿಸುತ್ತದೆ ಅಂತ ಕದ್ದು ಕೇಳಿಸಿಕೊಂಡೇ ಭಾಷೆ ಕಲಿತವು. ಅಂದಿನ ಬಾಡಿಗಳಿಗೆ ಹೊಂದುವಂತೆ ಕಲಿತದ್ದು ಮುಂದೆ ಬರುವ ಬಾಡಿಗೂ ಹೊಂದಬೇಕೆಂದಿಲ್ಲ. ಸೋನಿ 2011ರಲ್ಲಿ ಇ-ಮೌಂಟಿನ ಮೂಲ ವಿವರಗಳನ್ನು ಬೇರೆ ಕಂಪನಿಗಳಿಗೆ ತೆರೆದಿಟ್ಟಿತು. ಕ್ಯಾನನ್ ತನ್ನ ಹೊಸ ಆರ್‌ಎಫ್ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಎರಡಕ್ಕೂ ಪರವಾನಗಿ ಕೊಟ್ಟ ಸುದ್ದಿ ಬಂದದ್ದು 2024ರಲ್ಲಿ, ಅದೂ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಿಗೆ ಮಾಡುವ ಎಪಿಎಸ್-ಸಿ ಲೆನ್ಸುಗಳಿಗೆ. ನಿಕಾನ್ ಬಳಸುವವರ ಕಥೆ ಇನ್ನೊಂದು ತರಹ. 2006ರ ಡಿ40ಯಿಂದ ಶುರುವಾಗಿ ಅವರ ಚಿಕ್ಕ ಬಾಡಿಗಳಲ್ಲಿ ಫೋಕಸ್ ಮೋಟರೇ ಇರಲಿಲ್ಲ. ಮೋಟರ್ ಇಲ್ಲದ ಹಳೇ ಲೆನ್ಸ್ ಹಾಕಿದರೆ ಆಟೋಫೋಕಸ್ ಸುಮ್ನೆ ಕೆಲಸ ಮಾಡುವುದಿಲ್ಲ. ಅಲ್ಲಿ ಕೆಟ್ಟಿರುವುದೇನೂ ಇಲ್ಲ, ರಿಪೇರಿ ಮಾಡುವುದಕ್ಕೂ ಏನೂ ಇಲ್ಲ. ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಪರೀಕ್ಷೆಯ ಹಲಗೆ

70ಡಿ ಮೆನುವಿನಲ್ಲಿ 'ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್' ಇದೆ. ಫೋಕಸ್ ಬೀಳುವ ಜಾಗವನ್ನು ಅಂಕಿ ಕೊಟ್ಟು ತುಸು ಸರಿಸುವ ಸೌಲಭ್ಯ, ಮೈನಸ್ 20ರಿಂದ ಪ್ಲಸ್ 20ರವರೆಗೆ. ಮೈನಸ್ ಅಂದರೆ ಫೋಕಸ್ ನಮ್ಮ ಕಡೆಗೆ, ಪ್ಲಸ್ ಅಂದರೆ ದೂರಕ್ಕೆ. ಜೂಮ್ ಲೆನ್ಸಾದರೆ ಅಗಲದ ತುದಿಗೆ ಒಂದು, ಉದ್ದದ ತುದಿಗೆ ಒಂದು, ಎರಡು ಬೇರೆ ಬೇರೆ ಅಂಕಿ ಕೊಡಬಹುದು. ನಡುವಿನದಕ್ಕೆ ಕ್ಯಾಮೆರಾ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವವರಿಗೆ ಒಂದು ಮಾತು: 50ಡಿಯಲ್ಲಿ ಈ ಸೌಲಭ್ಯ ಇತ್ತು, 60ಡಿಯಲ್ಲಿ ತೆಗೆದುಬಿಟ್ಟರು, 70ಡಿಯಲ್ಲಿ ವಾಪಸ್ ತಂದರು. ನಂಬರ್ ದೊಡ್ಡದಾದಷ್ಟೂ ಸೌಲಭ್ಯ ಜಾಸ್ತಿ ಅಂತ ನಂಬಿದರೆ ಕೆಟ್ಟಿರಿ.

ಅಂಕಿಯನ್ನು ಅಂದಾಜಿನಲ್ಲಿ ಹಾಕಬಾರದು. ಅದಕ್ಕೊಂದು ಹಲಗೆ ಮಾಡಿದೆ. ಮನೆಯಲ್ಲಿದ್ದ ಪ್ಲೈವುಡ್ ತುಂಡಿಗೆ ಕಪ್ಪು ಬಿಳುಪು ಚೌಕಗಳ ಪ್ರಿಂಟ್ ಅಂಟಿಸಿ ನೆಟ್ಟಗೆ ನಿಲ್ಲಿಸಿದೆ. ಫೋಕಸ್ ಮಾಡುವುದು ಇದರ ಮೇಲೆ. ಅದರ ಪಕ್ಕದಲ್ಲಿ ಇನ್ನೊಂದು ಉದ್ದನೆಯ ಪಟ್ಟಿ, 45 ಡಿಗ್ರಿ ಓರೆಯಾಗಿ, ಒಂದು ತುದಿ ನನ್ನ ಕಡೆಗೆ, ಇನ್ನೊಂದು ಗೋಡೆ ಕಡೆಗೆ. ಅದರ ಮೇಲೆ ಟೇಲರ್ ಟೇಪ್ ಅಂಟಿಸಿದೆ. ಟೇಪಿನ 50ನೇ ಸೆಂಟಿಮೀಟರ್ ಗೆರೆ ನೆಟ್ಟಗಿರುವ ಹಲಗೆಯ ಮುಖಕ್ಕೆ ಸರಿಯಾಗಿ ಸಾಲಿನಲ್ಲಿ ಬರುವಂತೆ ದಾರ ಹಿಡಿದು ನೋಡಿಕೊಂಡೆ. ಓರೆಯಾಗಿರುವುದರಿಂದ ಟೇಪಿನ ಮೇಲಿನ 1 ಸೆಂಟಿಮೀಟರ್ ಅಂದರೆ ಆಳದಲ್ಲಿ ಸುಮಾರು 7 ಮಿಲಿಮೀಟರ್.

ಓರೆ ಸ್ಕೇಲಿನ ಮೇಲೆಯೇ ನೇರವಾಗಿ ಫೋಕಸ್ ಮಾಡಿ ಪರೀಕ್ಷಿಸುವವರು ತುಂಬಾ ಜನ. ಅದರಲ್ಲಿ ನಂಬಿಕೆ ಇಡಬೇಡಿ. ವ್ಯೂಫೈಂಡರಿನಲ್ಲಿ ಕಾಣುವ ಚೌಕಕ್ಕಿಂತ ನಿಜವಾದ ಫೋಕಸ್ ಜಾಗ ಸ್ವಲ್ಪ ದೊಡ್ಡದು. ನೀವು 50ರ ಗೆರೆ ಅಂದುಕೊಂಡರೆ ಅದು 48ರ ದಪ್ಪ ಗೆರೆಯನ್ನು ಹಿಡಿದಿರುತ್ತದೆ. ಆಮೇಲೆ ಲೆನ್ಸನ್ನು ಬೈಯುತ್ತೀರಿ.

ಕ್ಯಾಮೆರಾ ಹಲಗೆಗೆ ನೇರವಾಗಿ ಮುಖ ಮಾಡಿರಬೇಕು. ಅದಕ್ಕೆ ಸುಲಭ ಉಪಾಯ ಕನ್ನಡಿ. ಚಿಕ್ಕ ಕನ್ನಡಿಯೊಂದನ್ನು ಹಲಗೆಗೆ ಒತ್ತಿ ಹಿಡಿದು ವ್ಯೂಫೈಂಡರಿನಲ್ಲಿ ನೋಡಿ. ನಿಮ್ಮ ಲೆನ್ಸಿನ ಪ್ರತಿಬಿಂಬವೇ ನಟ್ಟನಡುವೆ ಕಂಡರೆ ಸರಿ. ಇಲ್ಲವಾದರೆ ಟ್ರೈಪಾಡ್ ಸರಿಸಿ.

ದೂರ ಎಷ್ಟು? ಫೋಕಲ್ ಲೆಂತಿನ 50 ಪಟ್ಟು ಅನ್ನುವುದು ರೂಢಿಯ ಲೆಕ್ಕ. 50 ಎಂಎಂಗೆ 2.5 ಮೀಟರ್, 17 ಎಂಎಂಗೆ 85 ಸೆಂಟಿಮೀಟರ್. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಕಡಿಮೆ, ಅಪರ್ಚರ್ ಪೂರ್ತಿ ತೆರೆದು, ಎರಡು ಸೆಕೆಂಡಿನ ಟೈಮರ್, ನಡುವಿನ ಫೋಕಸ್ ಪಾಯಿಂಟ್, ಒನ್ ಶಾಟ್ (ಒಮ್ಮೆ ಫೋಕಸ್ ಹಿಡಿದು ನಿಲ್ಲುವ) ಮೋಡ್. ಹಗಲು ಹೊತ್ತು, ವರಾಂಡದ ನೆರಳಿನಲ್ಲಿ.

ಅಂಕಿ ಸೊನ್ನೆ ಇದ್ದಾಗ 50 ಎಂಎಂನಲ್ಲಿ ಟೇಪಿನ 67ನೇ ಗೆರೆಯ ಸುತ್ತ ಅತಿ ಶಾರ್ಪ್. ಅಂದರೆ ಫೋಕಸ್ ಸುಮಾರು 12 ಸೆಂಟಿಮೀಟರ್ ಹಿಂದೆ. ಕಣ್ಣಿಂದ ಓಲೆಗೆ ಇರುವ ದೂರಕ್ಕೆ ಹೊಂದುತ್ತದೆ, ಅಲ್ವಾ? ಈ 12 ಸೆಂಟಿಮೀಟರನ್ನು ಕ್ಯಾಮೆರಾದ ಒಳಗಿನ ಅಳತೆಗೆ ಇಳಿಸಿ ನೋಡಿದರೆ ಮಜಾ ಇದೆ. ಸೆನ್ಸರ್ ಹತ್ತಿರ ಅದು ಬರೀ 0.05 ಮಿಲಿಮೀಟರ್. ಪ್ರಿಂಟರಿನಲ್ಲಿ ಹಾಕುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ಅದರ ಅರ್ಧ. ಇಎಫ್ ಮೌಂಟಿನ ಮುಖದಿಂದ ಸೆನ್ಸರಿಗೆ 44 ಮಿಲಿಮೀಟರ್ ದೂರ. ಅಷ್ಟರಲ್ಲಿ ಅರ್ಧ ಕಾಗದ ಆಚೀಚೆ ಆದರೆ ಮದುಮಗಳ ಕಣ್ಣು ಮಬ್ಬು. ಸಡಿಲವಾಗಿದ್ದ ಆ ಸ್ಕ್ರೂವನ್ನು ಮೊದಲೇ ಬಿಗಿ ಮಾಡದೆ ಈ ಪರೀಕ್ಷೆಗೆ ಇಳಿದಿದ್ದರೆ ಬಂದ ಅಂಕಿಗೆ ಬೆಲೆಯೇ ಇರುತ್ತಿರಲಿಲ್ಲ.

17 ಎಂಎಂನಲ್ಲಿ ಹೆಚ್ಚುಕಡಿಮೆ 50ರ ಗೆರೆಯ ಮೇಲೆಯೇ ಬಿತ್ತು.

ಒಂದೇ ಕಡೆ ತಪ್ಪುತ್ತಿದೆಯಾ, ಎಲ್ಲಾ ಕಡೆ ತಪ್ಪುತ್ತಿದೆಯಾ

ಒಂದು ಫೋಟೋ ತೆಗೆದು ಅಂಕಿ ಬದಲಿಸುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ಅವಸರ. ಲೆನ್ಸ್ ಪ್ರತಿ ಸಲ 12 ಸೆಂಟಿಮೀಟರ್ ಹಿಂದೆ ಬೀಳುತ್ತಿದ್ದರೆ ಅದನ್ನು ತಿದ್ದಬಹುದು. ಒಮ್ಮೆ ಹಿಂದೆ, ಒಮ್ಮೆ ಮುಂದೆ, ಒಮ್ಮೆ ಸರಿಯಾಗಿ ಬೀಳುತ್ತಿದ್ದರೆ ಯಾವ ಅಂಕಿ ಹಾಕಿದರೂ ಪ್ರಯೋಜನ ಇಲ್ಲ. ಹಾಗಾಗಿ ಮೊದಲು ಚೆದುರು ಎಷ್ಟಿದೆ ಅಂತ ತಿಳಿಯಬೇಕು.

ಪ್ರತಿ ಫೋಟೋಗೂ ಮುಂಚೆ ಫೋಕಸ್ ರಿಂಗನ್ನು ಕೈಯಲ್ಲಿ ಪೂರ್ತಿ ದೂರಕ್ಕೆ ತಿರುಗಿಸಿ, ಅಲ್ಲಿಂದ ಆಟೋಫೋಕಸ್ ಮಾಡಿಸಿದೆ. ಹೀಗೇ ಒಂದಷ್ಟು. ಆಮೇಲೆ ಪೂರ್ತಿ ಹತ್ತಿರಕ್ಕೆ ತಿರುಗಿಸಿ, ಅಲ್ಲಿಂದ ಒಂದಷ್ಟು. (ರಿಂಗ್ ತಿರುಗಿಸುವಾಗ ಲೆನ್ಸಿನ ಸ್ವಿಚ್ಚನ್ನು ಎಎಫ್ ಅಂದರೆ ಆಟೋಫೋಕಸಿನಿಂದ, ಕೈಯಿಂದ ಫೋಕಸ್ ಮಾಡುವ ಎಂಎಫ್‌ಗೆ ಹಾಕಿಕೊಳ್ಳಿ. ಹಳೇ ಮೋಟರಿನ ಲೆನ್ಸಿನಲ್ಲಿ ಎಎಫ್ ಇಟ್ಟುಕೊಂಡೇ ಬಲವಾಗಿ ತಿರುಗಿಸಿದರೆ ಗೇರಿನ ಹಲ್ಲು ಹೋಗಬಹುದು.) ದೂರದಿಂದ ಬಂದವು ತುಸು ಹಿಂದೆ ನಿಂತವು, ಹತ್ತಿರದಿಂದ ಹೋದವು ತುಸು ಮುಂದೆ. ಎರಡು ಗುಂಪಿಗೂ ನಡುವೆ ಟೇಪಿನ ಮೇಲೆ ನಾಲ್ಕೈದು ಸೆಂಟಿಮೀಟರ್ ಅಂತರ. ಚಿಕ್ಕ ಮೋಟರ್, ಪ್ಲಾಸ್ಟಿಕ್ ಗೇರು, ಗೇರಿನ ಹಲ್ಲುಗಳ ನಡುವೆ ಒಂದಿಷ್ಟು ಆಟ. ಯಾವ ಕಡೆಯಿಂದ ಬಂದರೂ ಗುರಿ ತಲುಪುವ ಒಂಚೂರು ಮೊದಲೇ ನಿಲ್ಲುತ್ತದೆ. ಇದಕ್ಕೆ ಮದ್ದಿಲ್ಲ. ಆದರೆ ಟೇಪಿನ ಮೇಲಿನ 17 ಸೆಂಟಿಮೀಟರ್ ತಪ್ಪಿನ ಮುಂದೆ ಇದು ಸಣ್ಣದು. ಎರಡು ಗುಂಪಿನ ನಡುವನ್ನು ಹಿಡಿದರೆ ಆಯಿತು.

ಅಂಕಿ ಕಂಡುಹಿಡಿಯಲು ಫೋಟೋ ಮೇಲೆ ಫೋಟೋ ತೆಗೆಯಬೇಕಾಗಿಲ್ಲ. 'ಡಾಟ್ ಟ್ಯೂನ್' ಅನ್ನುವ ಒಂದು ವಿಧಾನ ಇದೆ. ನನಗೆ ಬಹಳ ಇಷ್ಟವಾದದ್ದು. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಹಲಗೆಯ ಮೇಲಿನ ಚೌಕದ ಅಂಚು ಕತ್ತರಿಸಿದಂತೆ ಕಾಣುವ ತನಕ ಕೈಯಿಂದಲೇ ಫೋಕಸ್ ಮಾಡಿ. ಲೆನ್ಸ್ ಎಂಎಫ್‌ನಲ್ಲೇ ಇರಲಿ. ಇನ್ನು ಆ ರಿಂಗನ್ನು ಮುಟ್ಟಬಾರದು. ಲೈವ್ ವ್ಯೂ ಆಫ್ ಮಾಡಿ, ಮೆನುವಿನಲ್ಲಿ ಮೈನಸ್ 20 ಹಾಕಿ, ವ್ಯೂಫೈಂಡರ್ ನೋಡುತ್ತಾ ಶಟರನ್ನು ಅರ್ಧ ಒತ್ತಿ. ಹಸಿರು ಚುಕ್ಕಿ ಬರುವುದಿಲ್ಲ. ಅಂಕಿಯನ್ನು ಒಂದೊಂದೇ ಏರಿಸುತ್ತಾ ಮತ್ತೆ ಅರ್ಧ ಒತ್ತಿ. ಒಂದು ಕಡೆ ಚುಕ್ಕಿ ಮಿನುಗದೆ ಗಟ್ಟಿಯಾಗಿ ನಿಲ್ಲುತ್ತದೆ. ಮುಂದೆ ಏರಿಸುತ್ತಾ ಹೋದರೆ ಇನ್ನೊಂದು ಕಡೆ ಹೊರಟುಹೋಗುತ್ತದೆ. ಲೆನ್ಸ್ ನಿಜವಾದ ಫೋಕಸಿನಲ್ಲಿದೆ ಅಂತ ನಮಗೆ ಗೊತ್ತು. ಅದನ್ನು ಫೋಕಸ್ ಸೆನ್ಸರ್ ಯಾವ ಅಂಕಿಯಿಂದ ಯಾವ ಅಂಕಿವರೆಗೆ ಒಪ್ಪುತ್ತದೆ ಅಂತ ಹೀಗೆ ತಿಳಿಯುತ್ತದೆ. ಆ ಎರಡು ತುದಿಗಳ ನಡುವಿನದೇ ನಮಗೆ ಬೇಕಾದ ಅಂಕಿ. ಇದರಲ್ಲಿ ಮೋಟರ್ ಓಡುವುದೇ ಇಲ್ಲವಾದ್ದರಿಂದ ಗೇರಿನ ಆಟ ಅಡ್ಡ ಬರುವುದಿಲ್ಲ.

50 ಎಂಎಂನಲ್ಲಿ ಚುಕ್ಕಿ ಮೈನಸ್ 14ರಿಂದ ಮೈನಸ್ 2ರವರೆಗೆ ನಿಂತಿತು. ನಡುವೆ ಮೈನಸ್ 8. ಸೊನ್ನೆ ಆ ಸಾಲಿನಲ್ಲೇ ಇಲ್ಲ, ನೋಡಿ. 17 ಎಂಎಂನಲ್ಲಿ ಮೈನಸ್ 5ರಿಂದ ಪ್ಲಸ್ 7. ನಡುವೆ ಪ್ಲಸ್ 1. ಅದನ್ನು ಹಾಗೇ ಹಾಕಿದೆ, ಸೊನ್ನೆ ಬಿಟ್ಟಿದ್ದರೂ ನಡೆಯುತ್ತಿತ್ತು.

ಆಮೇಲೆ ಆಟೋಫೋಕಸಿನಲ್ಲೇ ಟೇಪಿನ ಪರೀಕ್ಷೆಯನ್ನು ಮತ್ತೆ ಮಾಡಿದೆ. ಎರಡು ಕಡೆಯಿಂದ ಬಂದ ಫೋಟೋಗಳೂ 50ರ ಗೆರೆಯ ಆಚೆ ಈಚೆ ಎರಡು ಮೂರು ಸೆಂಟಿಮೀಟರ್ ಒಳಗೇ ಬಿದ್ದವು.

ಅಂಕಿ ಉಳಿಸುವಾಗ ಥರ್ಡ್ ಪಾರ್ಟಿ ಲೆನ್ಸುಗಳಿಗೇ ಬರುವ ಒಂದು ತಮಾಷೆ ಇದೆ. 'ಎಲ್ಲಾ ಲೆನ್ಸುಗಳಿಗೆ' ಅನ್ನುವುದನ್ನು ಬಿಟ್ಟು 'ಲೆನ್ಸಿಗೊಂದು' ಅನ್ನುವುದನ್ನು ಆರಿಸಬೇಕು. ಆಗ ಕ್ಯಾಮೆರಾ ಲೆನ್ಸಿನ ಸೀರಿಯಲ್ ನಂಬರ್ ತೋರಿಸುತ್ತದೆ. ನನ್ನದಕ್ಕೆ ಬರೀ ಸೊನ್ನೆಗಳ ಸಾಲು. ಲೆನ್ಸ್ ತನ್ನ ನಂಬರನ್ನು ಹೇಳುವುದೇ ಇಲ್ಲ. ಎಷ್ಟೋ ಥರ್ಡ್ ಪಾರ್ಟಿ ಲೆನ್ಸುಗಳು ಕ್ಯಾನನ್ನಿನ ಯಾವುದೋ ಲೆನ್ಸಿನ ಗುರುತಿನ ಸಂಖ್ಯೆಯನ್ನೇ ಎರವಲು ಪಡೆದಿರುತ್ತವೆ. ಹಾಗಾಗಿ ಎರಡು ಬೇರೆ ಲೆನ್ಸುಗಳನ್ನು ಕ್ಯಾಮೆರಾ ಒಂದೇ ಅಂದುಕೊಂಡು ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿಬಿಡಬಹುದು. ಸೀರಿಯಲ್ ನಂಬರಿನ ಜಾಗದಲ್ಲಿ ಲೆನ್ಸ್ ಮೈಮೇಲಿನ ನಂಬರನ್ನು ಕೈಯಾರೆ ತುಂಬಿದೆ. ಇದೇ ಗುರುತಿನ ಎರಡನೇ ಲೆನ್ಸ್ ಮನೆಗೆ ಬಂದರೆ ಅದು ಎಷ್ಟು ಉಪಯೋಗಕ್ಕೆ ಬರುತ್ತದೋ, ಪರೀಕ್ಷಿಸಿಯೇ ನೋಡಬೇಕು.

ದೂರ ಬದಲಾದರೆ, ಬೆಳಕು ಬದಲಾದರೆ

ಹಲಗೆಯನ್ನು ಮನೆ ಮುಂದಿನ ರಸ್ತೆಗೆ ಒಯ್ದು 10 ಮೀಟರ್ ದೂರದಲ್ಲಿ ನಿಲ್ಲಿಸಿ ಮತ್ತೆ ಡಾಟ್ ಟ್ಯೂನ್ ಮಾಡಿದೆ. ಅಲ್ಲಿ ಬೇಕಾದದ್ದು ಮೈನಸ್ 4. ಒಂದೇ ಲೆನ್ಸ್, ಒಂದೇ ಫೋಕಲ್ ಲೆಂತ್, ದೂರ ಬೇರೆ ಆದ ಕೂಡಲೇ ಅಂಕಿ ಬೇರೆ. ಕ್ಯಾಮೆರಾದಲ್ಲಿ ದೂರಕ್ಕೊಂದು ಅಂಕಿ ಹಾಕುವ ಜಾಗ ಇಲ್ಲ.

ಇದಕ್ಕೆ ಉತ್ತರ ಲೆನ್ಸ್ ಕಂಪನಿಗಳು ಮಾಡಿದ ಡಾಕ್. ಸಿಗ್ಮಾ 2013ರಲ್ಲಿ ಯುಎಸ್‌ಬಿ ಡಾಕ್ ತಂದಿತು, ಟ್ಯಾಮ್ರಾನ್ 2016ರಲ್ಲಿ ಟ್ಯಾಪ್-ಇನ್ ಕನ್ಸೋಲ್ ತಂದಿತು. ಲೆನ್ಸಿನ ಹಿಂಭಾಗವನ್ನು ಅದಕ್ಕೆ ಸಿಕ್ಕಿಸಿ, ಕಂಪ್ಯೂಟರಿಗೆ ಜೋಡಿಸಿ, ಹಲವು ಫೋಕಲ್ ಲೆಂತ್ ಮತ್ತು ಹಲವು ದೂರಗಳಿಗೆ ಬೇರೆ ಬೇರೆ ಅಂಕಿ ತುಂಬಬಹುದು. ಸಿಗ್ಮಾದ ಜೂಮ್‌ಗಳಲ್ಲಿ ನಾಲ್ಕು ಫೋಕಲ್ ಲೆಂತ್, ನಾಲ್ಕು ದೂರ, ಒಟ್ಟು 16 ಅಂಕಿ. ಅಂಕಿ ಕೂರುವುದು ಲೆನ್ಸಿನ ಒಳಗೇ. ಹಾಗಾಗಿ ಬಾಡಿಯಲ್ಲಿ ಮೈಕ್ರೊ ಅಡ್ಜಸ್ಟ್‌ಮೆಂಟ್ ಇಲ್ಲದವರಿಗೂ ದಾರಿ ಇದೆ, ಲೆನ್ಸಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಕೂಡ ಮನೆಯಲ್ಲೇ ಹೊಸದು ಮಾಡಬಹುದು. ಆದರೆ ಡಾಕ್‌ಗೆಂದೇ ತಯಾರಾದ ಹೊಸ ಲೆನ್ಸುಗಳಿಗೆ ಮಾತ್ರ. ನನ್ನದು ಅದಕ್ಕೂ ಹಿಂದಿನ ತಲೆಮಾರಿನದು.

ಹಾಗಾಗಿ ರಾಜಿ ಆಗಲೇಬೇಕು. ಈ ಲೆನ್ಸಿನಿಂದ 50 ಎಂಎಂನಲ್ಲಿ ನಾನು ಜಾಸ್ತಿ ತೆಗೆಯುವುದು ಮುಖ, ಎರಡು ಮೂರು ಮೀಟರಿನಲ್ಲಿ. ಅಂಕಿ ಮೈನಸ್ 8ರಲ್ಲೇ ಇರಲಿ. 10 ಮೀಟರಿನಲ್ಲಿ ಆಗ ಫೋಕಸ್ ಸುಮಾರು 1 ಮೀಟರ್ ಮುಂದೆ ಬೀಳುತ್ತದೆ. ಕೇಳಿದರೆ ಗಾಬರಿಯಾಗುತ್ತದೆ. ಆದರೆ 50 ಎಂಎಂ, ಎಫ್/2.8, 10 ಮೀಟರ್ ಅಂದರೆ ಡೆಪ್ತ್ ಆಫ್ ಫೀಲ್ಡ್, ಅಂದರೆ ಶಾರ್ಪ್ ಆಗಿ ಕಾಣುವ ಆಳ, ಸುಮಾರು 4 ಮೀಟರ್. ಆ ತಪ್ಪನ್ನು ಅದು ನುಂಗಿಕೊಳ್ಳುತ್ತದೆ. ಗುಂಪು ಫೋಟೋ ತೆಗೆಯುವಾಗ ಹೇಗೂ ಎಫ್/5.6ಕ್ಕೆ ಹೋಗುತ್ತೇನೆ.

ಬೆಳಕಿನದು ಇನ್ನೂ ವಿಚಿತ್ರ. ಅದೇ ಹಲಗೆ, ಅದೇ ದೂರ, ರಾತ್ರಿ ಹಾಲಿನ ಹಳದಿ ಎಲ್‌ಇಡಿ ಬಲ್ಬಿನ ಕೆಳಗೆ ನೋಡಿದರೆ ಮೈನಸ್ 10 ಬೇಕಾಯಿತು. ಲೆನ್ಸ್ ಎಲ್ಲಾ ಬಣ್ಣಗಳನ್ನೂ ಸರಿಯಾಗಿ ಒಂದೇ ಬಿಂದುವಿಗೆ ತರುವುದಿಲ್ಲ, ಕೆಂಪು ಒಂದು ಕಡೆ, ನೀಲಿ ಕೂದಲೆಳೆ ಆಚೆ. ಫೋಕಸ್ ಸೆನ್ಸರಿಗೂ ಫೋಟೋ ಸೆನ್ಸರಿಗೂ ಬಣ್ಣಗಳ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಹಗಲಿನಲ್ಲಿ ಅದು ಗೊತ್ತಾಗುವುದಿಲ್ಲ, ಕೆಂಪು ಹಳದಿ ಜಾಸ್ತಿ ಇರುವ ಬೆಳಕಿನಲ್ಲಿ ಹೊರಬೀಳುತ್ತದೆ. ಕಲ್ಯಾಣ ಮಂಟಪದ ಅಲಂಕಾರದ ದೀಪಗಳ ಕೆಳಗೆ ಎಷ್ಟೋ ಜನರಿಗೆ "ಹಗಲು ಚೆನ್ನಾಗಿ ಬರುತ್ತದೆ, ರಿಸೆಪ್ಷನ್‌ನಲ್ಲಿ ಮಾತ್ರ ಕೈಕೊಡುತ್ತದೆ" ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಸಂಜೆ ಕಾರ್ಯಕ್ರಮ ಇದ್ದರೆ ಹೊರಡುವ ಮುಂಚೆ ಮೈನಸ್ 10 ಮಾಡಿಕೊಳ್ಳುತ್ತೇನೆ. ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದು ಲೆನ್ಸಿನ ಹಿಂದಿನ ಮುಚ್ಚಳದ ಹೊರಗೆ ಅಂಟಿಸಿದ್ದೇನೆ. ಒಳಗೆ ಅಂಟಿಸಬೇಡಿ, ಗೋಂದು ಬಿಟ್ಟುಕೊಂಡರೆ ಗಾಜಿನ ಮೇಲೆ ಬರುತ್ತದೆ.

ಹುಡುಕಾಟದ ಕಾಟ

ಮಂದ ಬೆಳಕಿನಲ್ಲಿ ಲೆನ್ಸ್ ಓಡಾಡುತ್ತಲೇ ಇರುವುದರಲ್ಲಿ ಒಂದು ಪಾಲು ಕಾಂಟ್ಯಾಕ್ಟ್ ಒರೆಸಿದಾಗಲೇ ಹೋಗಿತ್ತು. ಉಳಿದದ್ದರಲ್ಲಿ ದೊಡ್ಡ ಪಾಲು ಮುಂದಿದ್ದ ಅಗ್ಗದ ಯುವಿ ಫಿಲ್ಟರಿನದು. ಎದುರು ದೀಪ ಇದ್ದಾಗ ಅದು ಇಡೀ ದೃಶ್ಯವನ್ನು ತೆಳ್ಳಗೆ ಬೆಳ್ಳಗಾಗಿಸುತ್ತಿತ್ತು. ಫೋಕಸ್ ಸೆನ್ಸರಿಗೆ ಬೇಕಾದದ್ದೇ ಗೆರೆ ಮತ್ತು ಅಂಚು. ಅದು ಮಸುಕಾದರೆ ಹುಡುಕದೆ ಇನ್ನೇನು ಮಾಡೀತು? ಫಿಲ್ಟರ್ ತೆಗೆದಿಟ್ಟೆ, ಅಡ್ಡ ಬೆಳಕು ತಡೆಯುವ ಹುಡ್ ಹಾಕಿದೆ.

ಇನ್ನೊಂದು, ಪಾಯಿಂಟಿನ ಆಯ್ಕೆ. 70ಡಿಯಲ್ಲಿ 19 ಫೋಕಸ್ ಪಾಯಿಂಟ್. ಎಲ್ಲವೂ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುತ್ತವೆ. ಆದರೆ ನಡುವಿನದಕ್ಕೆ ಇನ್ನೂ ನಿಖರವಾದ ಒಂದು ಜೋಡಿ ಹೆಚ್ಚಿಗೆ ಇದೆ. ಅದು ಎಚ್ಚರವಾಗುವುದು ಎಫ್/2.8 ಅಥವಾ ಅದಕ್ಕಿಂತ ದೊಡ್ಡ ಬಾಯಿಯ ಲೆನ್ಸ್ ಹಾಕಿದಾಗ ಮಾತ್ರ. ಕ್ಯಾಮೆರಾ ಫೋಕಸ್ ಮಾಡುವುದು ಯಾವಾಗಲೂ ಬಾಯಿ ಪೂರ್ತಿ ತೆರೆದೇ, ನೀವು ಎಫ್/8 ಇಟ್ಟಿದ್ದರೂ ಕೂಡ. ಹಾಗಾಗಿ 2.8ರ ಲೆನ್ಸಿಗೆ ದುಡ್ಡು ಕೊಟ್ಟವರು ಕತ್ತಲಲ್ಲಿ ನಡುವಿನ ಪಾಯಿಂಟನ್ನೇ ಬಳಸುವುದು ಲಾಭ. ನಾನೀಗ ಹಾಗೇ ಮಾಡುತ್ತೇನೆ: ನಡುವಿನ ಪಾಯಿಂಟಿನಲ್ಲಿ ಹಿಡಿದು, ಫ್ರೇಮ್ ಸ್ವಲ್ಪ ಸರಿಸಿ ಒತ್ತುವುದು.

ಅಕ್ಕನ ಮಗಳ ಹತ್ತಿರ ಕ್ಯಾನನ್ 1200ಡಿ ಇದೆ. ಅದರ ಮೇಲೂ ಈ ಲೆನ್ಸ್ ಹಾಕಿ ನೋಡಿದೆವು. ಅದರಲ್ಲಿ ಮೈಕ್ರೊ ಅಡ್ಜಸ್ಟ್‌ಮೆಂಟ್ ಇಲ್ಲ. ವಿಚಿತ್ರ ಅಂದರೆ ವ್ಯೂಫೈಂಡರ್ ಫೋಕಸ್ ಅಲ್ಲಿ ಕೊಂಚ ಮುಂದೆ ಬಿತ್ತು. ಅದೇ ಲೆನ್ಸ್, ಬೇರೆ ಬಾಡಿ, ಉಲ್ಟಾ ದಿಕ್ಕು. ಲೈವ್ ವ್ಯೂನಲ್ಲಿ ಸರಿಯಾಗಿಯೇ ಬಂತು, ಆದರೆ ಅದರದು ಹಳೇ ವಿಧಾನ. ಕಾಂಟ್ರಾಸ್ಟ್ ಎಲ್ಲಿ ಜಾಸ್ತಿ ಅಂತ ಮುಂದೆ ಹೋಗಿ, ದಾಟಿ, ವಾಪಸ್ ಬಂದು ನೋಡುತ್ತದೆ. ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡುವುದಕ್ಕೆ ಈ ಹಳೇ ಮೋಟರ್ ತಯಾರಾದದ್ದಲ್ಲ. ಕೂತ ಮನುಷ್ಯ ಎದ್ದು ಹೋಗುವಷ್ಟು ಹೊತ್ತು ಬೇಕು. "ಮಾಮ, ಇದು ನಿನಗೇ ಇರಲಿ" ಅಂದಳು.

ಬಾಕಿ ಉಳಿದಿರುವುದು ಒಂದು. 17 ಎಂಎಂನಲ್ಲಿ ಚಪ್ಪಟೆ ಗೋಡೆ ತೆಗೆದರೆ ಫ್ರೇಮಿನ ಎಡ ಅಂಚು ಬಲಕ್ಕಿಂತ ತುಸು ಮಬ್ಬು. ಲೈವ್ ವ್ಯೂನಲ್ಲೂ ಹಾಗೇ ಇದೆ, ಅಂದರೆ ಇದು ಅಂಕಿಯಿಂದ ಸರಿಹೋಗುವ ಜಾತಿಯದಲ್ಲ. ಒಳಗಿನ ಯಾವುದೋ ಗಾಜು ಓರೆ ಕೂತಿದೆ, ಇಲ್ಲವೇ ಮೌಂಟ್ ರಿಂಗಿನ ಕೆಳಗೆ ಇರುವ ತೆಳು ಲೋಹದ ಬಿಲ್ಲೆಗಳಲ್ಲಿ ಒಂದು ಜಾಗ ತಪ್ಪಿದೆ. ರಿಂಗ್ ಬಿಚ್ಚಿ ಬಿಲ್ಲೆ ನೋಡುವುದು ಕಷ್ಟವಲ್ಲ, ಕಾಂಟ್ಯಾಕ್ಟಿನ ರಿಬ್ಬನ್ ಕೇಬಲ್ ಹರಿಯದಂತೆ ಎತ್ತಬೇಕು ಅಷ್ಟೆ. ಎಫ್/5.6ರಲ್ಲಿ ವ್ಯತ್ಯಾಸ ಕಾಣದ ಕಾರಣ ಸದ್ಯಕ್ಕೆ ಅದನ್ನು ಹಾಗೇ ಬಿಟ್ಟಿದ್ದೇನೆ.